ಡೋಲಿಯೊಳಗಿನ ದೀಪ

ಇನ್‌ಸ್ಟಲೇಷನ್ ಕಲೆ ಪಶ್ಚಿಮದಿಂದ ಬಂದ ಹೊಸ ಸರಕು ಎಂದು ನಮ್ಮ ಕಲಾ ವಿಮರ್ಶಕರು ಬರೆಯುತ್ತಲೇ ಇದ್ದಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಮೊಹರಂ ರಾತ್ರಿಯನ್ನು ಇವರು ಒಮ್ಮೆಯಾದರೂ ನೋಡಿದ್ದಾರೆಯೇ?

ಬಿದಿರಿನ ದಬ್ಬೆಗೆ ತೆಳು ಬಣ್ಣದ ಕಾಗದ ಅಂಟಿಸಿ ಒಳಗೆ ದೀಪವಿಟ್ಟ ಡೋಲಿ ಕತ್ತಲೆಯ ಓಣಿಯಲ್ಲಿ ಬಂದಾಗ ಕಣ್ಣಿಗೆ ಬೀಳುವುದು ಕಾಗದವಲ್ಲ, ಬೆಳಕು. ಕಾಗದ ದೀಪದ ಉರಿಯನ್ನು ಚದುರಿಸಿ ಡೋಲಿಯ ಮೈತುಂಬ ಹರಡುತ್ತದೆ. ಕತ್ತಲೆಗೆ ಒಗ್ಗಿದ ಕಣ್ಣಿಗೆ ಅಷ್ಟೇ ಸಾಕು. ಉರಿ ಹೊಯ್ದಾಡಿದರೆ ಇಡೀ ಗುಮ್ಮಟ ಉಸಿರಾಡಿದಂತೆ ಕಾಣುತ್ತದೆ.

ಲಾಹೋರಿನಲ್ಲಿ ಹುಟ್ಟಿದ ಅನಿಲಾ ಖಯ್ಯೂಮ್ ಆಘಾ ಜಾಲರಿ ಕೊರೆದ ಕಟ್ಟಿಗೆಯ ಪೆಟ್ಟಿಗೆಯೊಳಗೆ ಒಂದೇ ಬಲ್ಬು ಹಚ್ಚಿ ಇಡೀ ಕೋಣೆಗೆ ನೆರಳಿನ ಚಿತ್ತಾರ ತುಂಬಿದರು. ಹೆಣ್ಣಾದ ತನಗೆ ಮಸೀದಿಯ ಒಳಾಂಗಣ ದಕ್ಕಲಿಲ್ಲವೆಂಬ ನೋವು ಆ ಕೃತಿಯ ಬೇರು. 2014ರಲ್ಲಿ ಅಮೆರಿಕದ ಆರ್ಟ್‌ಪ್ರೈಜ್ ಸ್ಪರ್ಧೆಯಲ್ಲಿ ಅದು ಜನರ ಮತವನ್ನೂ ತೀರ್ಪುಗಾರರನ್ನೂ ಗೆದ್ದಿತು. ಅದಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ. ನಮ್ಮ ಅಕ್ಕ-ತಂಗಿಯರು ಯಾರ ಅಪ್ಪಣೆಯನ್ನೂ ಕೇಳದೆ ಓಣಿಯಲ್ಲಿ ನಿಂತು ಕಂಡ ಬೆಳಕು ಮಾತ್ರ ನಮಗೆ ಕಲೆಯಾಗಿ ತೋರುವುದಿಲ್ಲ!

ತಪ್ಪು ವಿಮರ್ಶಕರದಷ್ಟೇ ಅಲ್ಲ, ನಮ್ಮದೂ ಇದೆ. ಈಗ ಎಷ್ಟೋ ಕಡೆ ಡೋಲಿಯ ಮೇಲೆ ಹೊರಗಿನಿಂದ ಎಲ್‌ಇಡಿ ಫೋಕಸ್ ಬಿಡುತ್ತಾರೆ. ಹೊರಗಿನ ಬೆಳಕು ಒಳಗಿನದನ್ನು ನುಂಗಿಬಿಡುತ್ತದೆ. ಉಳಿಯುವುದು ಬರೀ ಬಣ್ಣದ ರದ್ದಿ. ಇದನ್ನು ಅಭಿಮಾನವೆನ್ನಬೇಕೇ?

ಡೋಲಿ ಬಿದ್‌ಅತ್ ಎನ್ನುವವರೂ ನಮ್ಮಲ್ಲಿದ್ದಾರೆ. ಶರೀಅತ್ತಿನ ಮಾತು ಉಲೆಮಾಗಳಿಗಿರಲಿ, ಆ ಭಿನ್ನಮತಕ್ಕೆ ನನ್ನ ಗೌರವವಿದೆ. ಆದರೆ ಆಚರಣೆಯನ್ನು ಒಪ್ಪದವರು ಕುಸುರಿಯ ವಿದ್ಯೆಯನ್ನೂ ಹೂಳಬೇಕಾಗಿಲ್ಲ. ಗದುಗಿನ ತ್ರಿಕೂಟೇಶ್ವರ ಗುಡಿಯ ಕಲ್ಲಿನ ಜಾಲಂಧ್ರ ಬಿಸಿಲನ್ನು ಸೋಸಿ ಒಳಗೆ ಬಿಡುತ್ತದೆ. ಅದನ್ನು ಮೆಚ್ಚಲು ಯಾರೂ ಮತ ಬದಲಿಸಬೇಕಿಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಪಂಜಾ ಕೂಡಿಸುವ, ಶಿರಹಟ್ಟಿಯ ಫಕೀರೇಶ್ವರನಿಗೆ ಎರಡೂ ಸಮುದಾಯ ನಡೆದುಕೊಳ್ಳುವ ನಾಡಿದು. ಇಲ್ಲಿ ಡೋಲಿಯ ವಿದ್ಯೆ ಅಳಿದರೆ ಒಂದು ಕೋಮಿನ ಸ್ವತ್ತಷ್ಟೇ ಹೋಗುವುದಿಲ್ಲ. ಕೂಡಿ ನೋಡುವ ಕಣ್ಣೂ ಹೋಗುತ್ತದೆ.

ಟಿ.ಪಿ. ಅಕ್ಕಿಯವರಂಥ ಕಲಾಗುರು ಬಾಳಿದ ಊರು ಗದಗ. ಇಲ್ಲಿನ ಚಿತ್ರಕಲಾ ವಿದ್ಯಾರ್ಥಿಗಳು ವರ್ಷಕ್ಕೆ ಹತ್ತು ದಿನ ಡೋಲಿ ಕಟ್ಟುವವರ ಪಕ್ಕದಲ್ಲಿ ಕೂತು ಕಲಿಯಲಿ. ಅವರಿಗೆ ಕೂಲಿಯ ಜೊತೆಗೆ ಕಲಾವಿದರೆಂಬ ಹೆಸರೂ ಸಲ್ಲಲಿ.

ಇನ್ನು ಓಣಿಯ ಹಿರಿಯರಲ್ಲಿ ಒಂದೇ ಅರಿಕೆ: ಬರುವ ಖತಲ್ ರಾತ್ರಿ ಅರ್ಧ ತಾಸು ಫೋಕಸ್ ಆರಿಸಿ. ದೀಪ ಒಳಗೇ ಇದೆ, ಮಕ್ಕಳು ನೋಡಲಿ.