ಕಾಳು ಚೆಲ್ಲಿದ ಮಾತ್ರಕ್ಕೆ ಜೀವದಯೆಯಾಗದು

ಫಾಲ್ಗುಣ ಶುಕ್ಲ ತ್ರಯೋದಶಿಯಂದು ಸಹಸ್ರಾರು ಯಾತ್ರಿಕರು ಪಾಲಿತಾಣದಲ್ಲಿ ಶತ್ರುಂಜಯ ಗಿರಿಯ ಪ್ರದಕ್ಷಿಣೆಗೆ ನೆರೆಯುತ್ತಾರೆ. ಅದೇ ದಿನಗಳಲ್ಲಿ ಅದೇ ಸೌರಾಷ್ಟ್ರದ ಕಡಲಂಚಿನಿಂದ ಇನ್ನೊಂದು ಯಾತ್ರೆ ಹೊರಡುತ್ತದೆ. ಚಳಿಗಾಲವನ್ನು ಭಾರತದಲ್ಲಿ ಕಳೆದ ಕ್ರೌಂಚಗಳು, ಬಾತುಗಳು, ನಾನಾ ಜಾತಿಯ ಗೊರವಗಳು ಉತ್ತರಾಭಿಮುಖವಾಗಿ ಏಳುತ್ತವೆ. ಜಾಮನಗರದ ಆಕಾಶದಲ್ಲಿ ಸಂಜೆಯ ಹೊತ್ತು ಮೋಡದಂತೆ ಸುಳಿದಾಡುವ ಗುಲಾಬಿ ಕಬ್ಬಕ್ಕಿಗಳೂ ವಸಂತ ಮುಗಿಯುವುದರೊಳಗೆ ಮಧ್ಯ ಏಷ್ಯಾದ ಹುಲ್ಲುಗಾಡುಗಳ ದಾರಿ ಹಿಡಿಯುತ್ತವೆ. ಆರ್ಕ್ಟಿಕ್ ಸಾಗರದಿಂದ ಹಿಂದೂ ಮಹಾಸಾಗರದವರೆಗೆ ಸುಮಾರು 30 ದೇಶಗಳನ್ನು ಹಾಯುವ ಈ ಪಕ್ಷಿಪಥದಲ್ಲಿ ಕಚ್ಛ ಮತ್ತು ಸೌರಾಷ್ಟ್ರದ ಕರಾವಳಿಯು ಒಂದು ಮಹಾದ್ವಾರ.

ಮೊದಲನೆಯ ಯಾತ್ರೆಗೆ ಧರ್ಮಶಾಲೆಗಳುಂಟು, ಭೋಜನಶಾಲೆಗಳುಂಟು, ದಾನಿಗಳುಂಟು. ಎರಡನೆಯ ಯಾತ್ರೆಯ ಧರ್ಮಶಾಲೆಗಳಾದರೋ ವರ್ಷವರ್ಷಕ್ಕೂ ಕುಗ್ಗುತ್ತಿವೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜಕ್ಕೆ ಇದರಲ್ಲಿ ಯಾವ ಹೊಣೆಯೂ ಇಲ್ಲವೆಂದು ತಿಳಿಯುವುದು ಧರ್ಮಸಮ್ಮತವಲ್ಲ.

ಜೈನರ ಪಕ್ಷಿದಯೆ ಲೋಕಪ್ರಸಿದ್ಧವಾದುದು. ದೆಹಲಿಯ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯವನ್ನಾಗಲಿ, ಗುಜರಾತಿನ ಪಾಂಜರಾಪೋಳಗಳನ್ನಾಗಲಿ ಯಾರೂ ಅಲ್ಲಗಳೆಯಲಾರರು. ಆದರೆ ಈ ದಯೆ ಕಾಲಕ್ರಮದಲ್ಲಿ ಎರಡು ಮೂರು ರೂಢಿಗಳಿಗೆ ಸಂಕುಚಿತವಾಗಿದೆ: ಪಾರಿವಾಳಕ್ಕೆ ಕಾಳು ಚೆಲ್ಲುವುದು, ಪರ್ವದಿನದಲ್ಲಿ ಪಂಜರದ ಹಕ್ಕಿಯನ್ನು ಕೊಂಡು ಬಿಡುವುದು, ಗಾಯಗೊಂಡುದಕ್ಕೆ ಔಷಧ ಹಚ್ಚುವುದು. 2025ರ ಆಗಸ್ಟಿನಲ್ಲಿ ಮುಂಬಯಿಯ ದಾದರ್ ಕಬೂತರಖಾನೆಯನ್ನು ಮುಚ್ಚಿದಾಗ ಸಮಾಜದ ಅನೇಕರು ಬೀದಿಗಿಳಿದರು. ಪಾರಿವಾಳವು ಊರಿನಲ್ಲಿಯೇ ಹುಟ್ಟಿ ಊರಿನಲ್ಲಿಯೇ ಬೆಳೆಯುವ ಹಕ್ಕಿ. ಅದಕ್ಕೆ ಮನೆಗಳ ಮಾಡು ಸಾಲುತ್ತದೆ. ಕಡಲಿನ ಕೆಸರುಬಯಲನ್ನೇ ನಂಬಿದ ಹಕ್ಕಿಗೆ ಬೇರೆ ಮನೆಯಿಲ್ಲ. ಅದರ ಬಯಲು ಮಣ್ಣುಪಾಲಾದಾಗ ಬೀದಿಗಿಳಿದವರೆಷ್ಟು ಮಂದಿ?

ಪಂಜರದ ಹಕ್ಕಿಯ ವಿಷಯವಂತೂ ಇನ್ನೂ ಶೋಚನೀಯ. ಕೊಳ್ಳುವವನಿರುವುದರಿಂದಲೇ ಬೇಡನು ಬಲೆ ಬೀಸುತ್ತಾನೆ. ಒಂದನ್ನು ಬಿಡಿಸಿದ ಹಣವು ಮತ್ತೆ ಹತ್ತನ್ನು ಹಿಡಿಯಲು ಬಂಡವಾಳವಾಗುತ್ತದೆ. ದೇಶೀಯ ಪಕ್ಷಿಗಳ ವ್ಯಾಪಾರವು 1991ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧವೇ ಆಗಿದೆ. ಪುಣ್ಯಾರ್ಜನೆಯ ಹೆಸರಿನಲ್ಲಿ ಅಪರಾಧಕ್ಕೆ ಗಿರಾಕಿಯಾಗುವುದು ಯಾವ ಧರ್ಮ?

ಈ ಪ್ರದೇಶದ ಪುರಾಣವೇ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಭಗವಾನ್ ನೇಮಿನಾಥರು ಸೌರಾಷ್ಟ್ರದಲ್ಲಿ ವಿವಾಹಕ್ಕೆ ಹೊರಟಾಗ, ಔತಣಕ್ಕಾಗಿ ಕೂಡಿಹಾಕಿದ್ದ ಮೂಕಪ್ರಾಣಿಗಳ ಆಕ್ರಂದನವನ್ನು ಕೇಳಿದರು. ಅವರು ದೊಡ್ಡಿಗೆ ಇನ್ನಷ್ಟು ಹುಲ್ಲು ಹಾಕಿಸಲಿಲ್ಲ; ನಾಲ್ಕು ಪ್ರಾಣಿಗಳನ್ನು ಬಿಡಿಸಿ ಮದುವೆಯ ಮಂಟಪಕ್ಕೆ ನಡೆಯಲೂ ಇಲ್ಲ. ಆ ದೊಡ್ಡಿಗೆ ಕಾರಣವಾಗಿದ್ದ ಸಂಭ್ರಮವನ್ನೇ ತೊರೆದು ಊರ್ಜಯಂತಗಿರಿಯನ್ನೇರಿದರು. ಹಿಂಸೆಯ ಫಲಕ್ಕೆ ಮದ್ದು ಹಚ್ಚುವುದು ಒಂದು, ಹಿಂಸೆಯ ಮೂಲವನ್ನು ಬಿಡುವುದು ಇನ್ನೊಂದು. ನೇಮಿನಾಥರ ಮಾರ್ಗ ಎರಡನೆಯದು. ಆ ಗಿರಿಯ ಚಂದ್ರಗುಹೆಯಲ್ಲಿ ಆಚಾರ್ಯ ಧರಸೇನರು ಉಪದೇಶಿಸಿದ ಸಿದ್ಧಾಂತವೇ ಷಟ್ಖಂಡಾಗಮವಾಗಿ, ಅದರ ತಾಳೆಗರಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾದುವು. ಆದುದರಿಂದ ಸೌರಾಷ್ಟ್ರದ ನೆಲದ ಗತಿಯು ಕನ್ನಡ ಜೈನರಿಗೆ ಹೊರಗಿನ ವಿಷಯವಲ್ಲ.

ಶಾಸ್ತ್ರವನ್ನು ನೋಡಿದರೂ ಇದೇ ಅರ್ಥ ಹೊರಡುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಬಂಧನ, ವಧೆಗಳ ಜೊತೆಗೆ ಅನ್ನಪಾನನಿರೋಧವನ್ನೂ ಹೇಳಿದ್ದಾರೆ. ವಲಸೆಗೆ ಮುನ್ನ ಗೊರವದಂತಹ ಹಕ್ಕಿಯು ಕೆಲವೇ ವಾರಗಳಲ್ಲಿ ಮೈಯಲ್ಲಿ ಕೊಬ್ಬನ್ನು ಕೂಡಿಸಿಕೊಳ್ಳಬೇಕು. ಕೆಲವು ಜಾತಿಗಳ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆ ಕೊಬ್ಬೇ ಅದರ ದಾರಿಯ ಬುತ್ತಿ. ಭರತವಿಳಿದಾಗ ತೆರೆದುಕೊಳ್ಳುವ ಕೆಸರುಬಯಲೇ ಅದರ ಅಡುಗೆಮನೆ. ಆ ಬಯಲನ್ನು ಮುಚ್ಚಿದವನು ಒಂದು ಹಕ್ಕಿಯ ಮೇಲೂ ಕಲ್ಲೆಸೆಯದಿರಬಹುದು. ಆದರೂ ಸಾವಿರಾರು ಹಕ್ಕಿಗಳ ಅನ್ನಪಾನಗಳನ್ನು ತಡೆದವನೇ ಆಗುತ್ತಾನೆ.

ಇಷ್ಟೇ ಅಲ್ಲ. ಗುಜರಾತಿನಲ್ಲಿಯೇ ಬಾಳಿದ 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ, 13ನೆಯ ಶತಮಾನದ ದಿಗಂಬರ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಹದಿನೈದು ಕ್ರೂರ ಜೀವನೋಪಾಯಗಳ ಪಟ್ಟಿಯನ್ನು ಕೊಡುತ್ತವೆ. ಕಾಡು ಕಡಿಯುವುದು, ಕಾಳ್ಗಿಚ್ಚು ಹಚ್ಚುವುದು, ವಿಷ ಮಾರುವುದು ಮೊದಲಾದವುಗಳ ಸಾಲಿನಲ್ಲಿಯೇ ಸರೋವರಗಳನ್ನು ಬತ್ತಿಸುವ ವೃತ್ತಿಯೂ ಇದೆ. ಇಂದು ಪರಿಸರವಾದಿಗಳು ಹೇಳುವುದನ್ನು ಜೈನಾಚಾರ್ಯರು ಎಂಟುನೂರು ವರ್ಷಗಳ ಹಿಂದೆಯೇ ಶ್ರಾವಕಾಚಾರವಾಗಿ ವಿಧಿಸಿದ್ದರೆಂದು ಹೆಮ್ಮೆ ಪಡುವವರು, ಆ ವಿಧಿಯನ್ನು ಪಾಲಿಸುವುದರಲ್ಲಿಯೂ ಮುಂದಾಗಬೇಡವೇ?

ಇದಕ್ಕೆ ಕೆಲವರು ಆಕ್ಷೇಪವೆತ್ತುತ್ತಾರೆ. ಈ ಹಕ್ಕಿಗಳು ಹುಳು, ಮೀನುಗಳನ್ನು ತಿನ್ನುತ್ತವೆ. ಅವುಗಳನ್ನು ಪೋಷಿಸಿದರೆ ಹಿಂಸೆಯಲ್ಲಿ ಪಾಲುಗೊಂಡಂತೆ ಎಂಬುದು ಮೊದಲನೆಯ ಆಕ್ಷೇಪ. ದೆಹಲಿಯ ಚಿಕಿತ್ಸಾಲಯದಲ್ಲಿಯೂ ಮಾಂಸಾಹಾರಿ ಪಕ್ಷಿಗಳನ್ನು ಒಳರೋಗಿಗಳಾಗಿ ಇರಿಸಿಕೊಳ್ಳದೆ ಹೊರಗಿನಿಂದಲೇ ಉಪಚರಿಸುವ ಪದ್ಧತಿ ಬೆಳೆದುಬಂದಿದೆ. ಆದರೆ ದಯೆಯು ಆಹಾರಕ್ರಮವನ್ನು ನೋಡಿ ಕೊಡುವ ಬಹುಮಾನವಲ್ಲ. ಹಕ್ಕಿಯು ಪಂಚೇಂದ್ರಿಯ ಜೀವ. ವಿಕಲ್ಪವಿಲ್ಲದ ತನ್ನ ಪ್ರಕೃತಿಯಂತೆ ಅದು ಬಾಳುತ್ತದೆ. ಅದಕ್ಕೂ ಮಿಗಿಲಾಗಿ, ಕೆಸರುಬಯಲಿನಲ್ಲಿರುವ ಹುಳುಗಳೂ ಶಂಖಗಳೂ ಶಾಸ್ತ್ರವು ಉದಾಹರಿಸುವ ದ್ವೀಂದ್ರಿಯ ಜೀವಗಳೇ. ಹಕ್ಕಿಯು ಅವುಗಳಲ್ಲಿ ಕೆಲವನ್ನು ತಿನ್ನುತ್ತದೆ. ಮಣ್ಣು ತುಂಬುವ ಯಂತ್ರವು ಎಲ್ಲವನ್ನೂ ಒಮ್ಮೆಗೇ ಹೂಳುತ್ತದೆ. ದ್ವೀಂದ್ರಿಯಗಳ ಹೆಸರಿನಲ್ಲಿ ಹಕ್ಕಿಯನ್ನು ಕೈಬಿಟ್ಟವರು ಈ ಮಾರಣಹೋಮದ ಮುಂದೆ ಮೌನವಾಗಿರುವುದು ವಿಚಿತ್ರ.

ಗೃಹಸ್ಥನಿಗೆ ಉದ್ಯಮ ಅನಿವಾರ್ಯ, ಉದ್ಯಮಿ ಹಿಂಸೆಗೆ ಶಾಸ್ತ್ರದಲ್ಲಿ ವಿನಾಯಿತಿಯಿದೆ ಎಂಬುದು ಎರಡನೆಯ ಆಕ್ಷೇಪ. ನಿಜ. ಭಾರತದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಗುಜರಾತಿನಿಂದ ಬರುತ್ತದೆ. ಕಚ್ಛದ ಕೊಲ್ಲಿಯ ಸುತ್ತ ಬಂದರುಗಳೂ ತೈಲಾಗಾರಗಳೂ ಎದ್ದಿವೆ. ಇವುಗಳಿಂದ ಎಷ್ಟೋ ಕುಟುಂಬಗಳಿಗೆ ಅನ್ನವಿದೆ. ಎಲ್ಲ ಉದ್ಯಮವೂ ಹಕ್ಕಿಗೆ ವೈರಿಯೂ ಅಲ್ಲ. ಉಪ್ಪಿನಗದ್ದೆಗಳ ತೆಳುನೀರಿನಲ್ಲಿ ರಾಜಹಂಸಗಳು ಮೇಯುವುದುಂಟು. ಜಾಮನಗರದ ಬಳಿಯ ಖಿಜಡಿಯಾ ಪಕ್ಷಿಧಾಮವು 1920ರಲ್ಲಿ ನವಾನಗರದ ಅರಸರು ಕಡಲನ್ನು ತಡೆಯಲು ಕಟ್ಟಿಸಿದ ಒಡ್ಡಿನಿಂದಲೇ ಹುಟ್ಟಿತು. ಒಂದು ಮಗ್ಗುಲಲ್ಲಿ ಸಿಹಿನೀರು, ಇನ್ನೊಂದು ಮಗ್ಗುಲಲ್ಲಿ ಉಪ್ಪುನೀರು. 2022ರಲ್ಲಿ ಅದಕ್ಕೆ ರಾಮ್ಸಾರ್ ತಾಣದ ಮನ್ನಣೆಯೂ ದೊರೆಯಿತು. ಇದರಿಂದ ಸಿದ್ಧವಾಗುವುದಿಷ್ಟೇ: ಮನುಷ್ಯನ ಕೆಲಸ ಹಕ್ಕಿಗೆ ಎಡೆಗೊಡಬಲ್ಲುದು. ಎಡೆಗೊಡಬಹುದಾದಲ್ಲಿಯೂ ಕೊಡದಿರುವುದು ಅನಿವಾರ್ಯತೆಯಲ್ಲ, ಪ್ರಮಾದ. ಪ್ರಮಾದದಿಂದಾದ ಪ್ರಾಣಹಾನಿಯನ್ನೇ ಶಾಸ್ತ್ರವು ಹಿಂಸೆಯೆಂದು ಕರೆದಿದೆ.

ಉತ್ತರಾಯಣದ ಗಾಳಿಪಟಕ್ಕಂತೂ ಈ ವಿನಾಯಿತಿಯೂ ಇಲ್ಲ. ಗಾಜಿನ ಪುಡಿ ಸವರಿದ ದಾರವು ಹಾರುವ ಹಕ್ಕಿಯ ರೆಕ್ಕೆಯನ್ನು ಕತ್ತಿಯಂತೆ ಸೀಳುತ್ತದೆ. ಹಬ್ಬ ಕಳೆದರೂ ಮರಗಳಲ್ಲಿ, ತಂತಿಗಳಲ್ಲಿ ತೊಡರಿದ ದಾರವು ವಸಂತದ ಹಕ್ಕಿಗಳಿಗೆ ಉರುಳಾಗಿ ಕಾದಿರುತ್ತದೆ. 2017ರಲ್ಲಿ ಹಸಿರು ನ್ಯಾಯಮಂಡಳಿ ನೈಲಾನ್ ಮಾಂಜಾವನ್ನು ನಿಷೇಧಿಸಿತು. ಅದೇ ವರ್ಷ ಗುಜರಾತ್ ಸರ್ಕಾರ ಗಾಯಾಳು ಪಕ್ಷಿಗಳಿಗಾಗಿ ಕರುಣಾ ಅಭಿಯಾನವನ್ನು ಆರಂಭಿಸಿತು. ಜೈನ ತರುಣರು ಅದರಲ್ಲಿ ದುಡಿಯುವುದು ಶ್ಲಾಘನೀಯ. ಆದರೆ ಒಂದೇ ಮನೆಯ ಒಬ್ಬ ಮಗ ಮಾಳಿಗೆಯ ಮೇಲೆ ದಾರ ಬಿಡುತ್ತ, ಇನ್ನೊಬ್ಬ ಮಗ ಕೆಳಗೆ ಹಕ್ಕಿಗೆ ಹೊಲಿಗೆ ಹಾಕಿಸುವುದಾದರೆ ಆ ಮನೆಯ ಧರ್ಮವೇನು? ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂಬ ಹೆಸರಿದೆ.

ಮಾರ್ಗವಿಲ್ಲದಿಲ್ಲ. ರಾಜಸ್ಥಾನದ ಖೀಚನ್ ಗ್ರಾಮದಲ್ಲಿ ಜೈನ ಕುಟುಂಬಗಳು ಕುರ್ಜಾ ಕ್ರೌಂಚಗಳಿಗೆ ದಶಕಗಳಿಂದ ಕಾಳು ನೀಡುತ್ತಿವೆ. ಅಲ್ಲಿ ಕಾಳಿನೊಡನೆ ಬೇಲಿಯೊಳಗಿನ ನೆಲವೂ, ಊರಿನ ಕೆರೆಯ ನೀರೂ ಹಕ್ಕಿಗೆ ಮೀಸಲಾದುವು. 2025ರಲ್ಲಿ ಆ ತಾಣಕ್ಕೂ ರಾಮ್ಸಾರ್ ಮನ್ನಣೆ ಬಂದಿತು. ಕಾಳಿನ ದಾನ ನೆಲ ನೀರುಗಳ ದಾನವಾಗಿ ಬೆಳೆದುದೇ ಅದರ ಹಿರಿಮೆ.

ಆದುದರಿಂದ ಬಸದಿಗಳ ಹಾಗೂ ತೀರ್ಥಕ್ಷೇತ್ರಗಳ ಆಡಳಿತ ಮಂಡಳಿಗಳು ಮಾಡತಕ್ಕ ಕಾರ್ಯ ಸ್ಪಷ್ಟವಾಗಿದೆ. ಜೀವದಯಾ ನಿಧಿಯ ಒಂದು ಪಾಲನ್ನು ಜೌಗುನೆಲಗಳ ರಕ್ಷಣೆಗೆ ಮೀಸಲಿಡಬೇಕು. ತಮ್ಮ ಒಡೆತನದ ಕೆರೆಕೊಳಗಳನ್ನು ಮುಚ್ಚದಿರುವ ಪ್ರತಿಜ್ಞೆ ಕೈಗೊಳ್ಳಬೇಕು. ಪಂಜರದ ಹಕ್ಕಿಯನ್ನು ಕೊಳ್ಳುವ ರೂಢಿಯನ್ನು ಇಂದೇ ನಿಲ್ಲಿಸಬೇಕು. ಕರಾವಳಿಯ ಉದ್ಯಮಗಳಲ್ಲಿ ಹಣ ಹೂಡಿದ ಶ್ರಾವಕನು, ಲಾಭಾಂಶವನ್ನು ಪಡೆಯುವ ಮುನ್ನ ಅಲ್ಲಿನ ಬಯಲಿನ ಗತಿಯನ್ನು ವಿಚಾರಿಸಬೇಕು. ಕರ್ನಾಟಕದವರಿಗೂ ಇದು ದೂರದ ಮಾತಲ್ಲ. ಲಕ್ಷ್ಮೇಶ್ವರದ ಬಸದಿಗಳಿಗೆ ಸಮೀಪದ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು ವಸಂತಾರಂಭದಲ್ಲಿ ಮರಳುತ್ತವೆ. ಶ್ರವಣಬೆಳಗೊಳವಾದರೋ ಕೊಳದ ಹೆಸರನ್ನೇ ತನ್ನ ಹೆಸರಾಗಿ ಹೊತ್ತ ತೀರ್ಥ.

ಚಾತುರ್ಮಾಸ್ಯ ಮುಗಿಸಿ ವಿಹಾರಕ್ಕೆ ಹೊರಟ ಮುನಿಗಳಿಗೆ ದಾರಿಯ ಊರುಗಳಲ್ಲಿ ನಿಲ್ಲಲು ಎಡೆಯಿಲ್ಲವೆಂದರೆ ಸಮಾಜ ನಾಚಿ ತಲೆತಗ್ಗಿಸುತ್ತದೆ. ಏನನ್ನೂ ಕೂಡಿಡದೆ, ಯಾರನ್ನೂ ಬೇಡದೆ, ಋತುವನ್ನು ನಂಬಿ ಸಾವಿರಾರು ಹರದಾರಿ ಸಾಗುವ ಹಕ್ಕಿಗೆ ಇಳಿಯಲು ಒಂದು ಬಯಲಿಲ್ಲವಾದರೆ, ಆ ನಾಚಿಕೆ ಅಷ್ಟೇ ದೊಡ್ಡದಾಗಿರಬೇಕು.