ಹಾಡು ಇವರದು, ಗಲ್ಲಾ ಯಾರದು?

ಸಂಗ್ಯಾ-ಬಾಳ್ಯಾ ಎಂದರೆ ನಾಡೇ ತಲೆದೂಗುತ್ತದೆ. ಬೈಲಹೊಂಗಲದಲ್ಲಿ ನಡೆದ ಕೊಲೆಯನ್ನು ಸಣ್ಣಾಟಕ್ಕೆ ತಂದವರು ಬೈಲವಾಡದ ಪತ್ತಾರ ಮಾಸ್ತರರು. ದೇವರು-ರಾಜರನ್ನು ಬದಿಗಿಟ್ಟು ಪೇಟೆಯ ಮನುಷ್ಯರನ್ನು ಅಟ್ಟದ ಮೇಲೆ ನಿಲ್ಲಿಸಿದ ಧೈರ್ಯ ಅವರದು. ಊರೂರಿಗೆ ಅದನ್ನು ಹೊತ್ತು ಮುಟ್ಟಿಸಿದವರು ದಪ್ಪು ಬಡಿಯುವ ಬಡ ಮೇಳದವರು. ಅವರ ಪಾಲಿಗೆ ಬಂದದ್ದೇನು? ಒಂದು ಶಾಲು, ಒಂದು ಚಪ್ಪಾಳೆ!

ಅಮೇರಿಕೆಯ ರಾಕ್ ಅಂಡ್ ರೋಲಿನದೂ ಇದೇ ಕಥೆ. ಕಪ್ಪು ಜನಾಂಗದ ಆರ್ಥರ್ ಕ್ರುಡಪ್ 1946ರಲ್ಲಿ ಮುದ್ರಿಸಿದ ಹಾಡನ್ನು 1954ರಲ್ಲಿ ಹಾಡಿ ಎಲ್ವಿಸ್ ಪ್ರೀಸ್ಲಿ ಹೆಸರಾದ. ಕ್ರುಡಪ್ ಹೊಲಗೂಲಿ ಮಾಡಿದ. ಸಲ್ಲಬೇಕಾದ ಹಣ ಸಲ್ಲದೆಯೇ 1974ರಲ್ಲಿ ಸತ್ತ. ತಪ್ಪು ಎಲ್ವಿಸನದಲ್ಲ, ಹಕ್ಕಿನ ಕಾಗದ ಬರೆಸಿಕೊಂಡ ದಲಾಲಿಯದು. ದಲಾಲಿ ಎಂದರೇನೆಂದು ನಮ್ಮ ಪೇಟೆಗೆ ಹೇಳಿಕೊಡಬೇಕೆ?

ನಮ್ಮ 1957ರ ಕಾಪಿರೈಟ್ ಕಾಯ್ದೆಗೆ 1994ರಲ್ಲಿ ಹಾಡುಗಾರರ ಹಕ್ಕು ಸೇರಿತು. ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಎಂದು 2012ರ ತಿದ್ದುಪಡಿ ಹೇಳಿತು. ಸವದತ್ತಿಯಲ್ಲಿ ಚೌಡಿಕೆ ನುಡಿಸುವ ಜೋಗತಿಗೆ ಇದನ್ನು ಓದಿ ಹೇಳುವವರಾರು? ಅರ್ಧ ಪಾಳಿಯ ಕೂಲಿ ಮುರಿದರೆ ಗಿರಣಿಯ ಬಾಗಿಲಿಗೆ ನಿಲ್ಲುವ ಬಂಧುಗಳೇ, ಹಾಡುವುದೂ ದುಡಿಮೆಯೇ. ಕಿತ್ತೂರು ಉತ್ಸವವಿರಲಿ, ಮದುವೆ ಮಂಟಪವಿರಲಿ, ಹಾಡನ್ನು ಮುದ್ರಿಸಿಕೊಳ್ಳುವ ಮೊದಲು ಕನ್ನಡದಲ್ಲಿ ಬರೆದ ಕರಾರುಪತ್ರ ಮೇಳದವರ ಕೈಸೇರಬೇಕು. ರಾಮದುರ್ಗದಿಂದ ಬೈಲಹೊಂಗಲದವರೆಗಿನ ಮೇಳಗಳು ಸಂಘ ಕಟ್ಟಿ ಇದನ್ನು ಕೇಳಲಿ. ಮೊದಲ ಸಭೆಗೆ ಜಾಗ, ಚಹಾ ಒದಗಿಸುವುದು ಪೇಟೆಯವರಿಗೆ ಭಾರವಲ್ಲ.