ಗಿರಾಕಿಗೆ ಹೊಂದಿಕೊಂಡ ಅಂಗಡಿಗೆ ನೋಟಿಸು

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಅನೇಕ ಸಣ್ಣ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ತೂಗಾಡಿದವು. ನಾನು ವಾಸಿಸುವ ಸಿ.ವಿ. ರಾಮನ್ ನಗರವೂ ಇದಕ್ಕೆ ಹೊರತಾಗಿರಲಿಲ್ಲ. ಯುಪಿಐ ಮೂಲಕ ಸಂದಾಯವಾದ ಹಣದ ವಿವರಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಜಿಎಸ್‌ಟಿ ನೋಂದಣಿ ಇಲ್ಲದ ವರ್ತಕರಿಗೆ 2021-22ರಿಂದೀಚಿನ ತೆರಿಗೆಯ ಬಗ್ಗೆ ನೋಟಿಸು ನೀಡಿದ್ದೇ ಕಾರಣ.

ಯುಪಿಐ 2016ರಲ್ಲೇ ಬಂದಿತ್ತು. ಆದರೆ ಅದನ್ನು ಬೀದಿಬೀದಿಗೆ ಒಯ್ದದ್ದು 2020ರ ಕೋವಿಡ್. ಗಿರಾಕಿ ನೋಟು ಮುಟ್ಟಲು ಅಳುಕಿದ. ಬಾಗ್ಮನೆ ಟೆಕ್ ಪಾರ್ಕಿನ ಉದ್ಯೋಗಿಗಳು ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಸುತ್ತಲಿನ ಚಹಾ, ತಿಂಡಿ ಅಂಗಡಿಗಳು ಬಿಕೋ ಎಂದವು. ಅವರು ಮರಳಿ ಬರುವ ಹೊತ್ತಿಗೆ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳುವ ರೂಢಿಯೇ ತಪ್ಪಿತ್ತು. ಇತ್ತ, ನಿಮಿಷಗಳಲ್ಲಿ ಮನೆಬಾಗಿಲಿಗೆ ದಿನಸಿ ತಲುಪಿಸುವ ಕಂಪನಿಗಳ ಪೈಪೋಟಿ. ಕ್ಯೂಆರ್ ಕೋಡ್ ಅಂಟಿಸುವುದು ಅಂಗಡಿಯವನಿಗೆ ಉಳಿವಿನ ಪ್ರಶ್ನೆಯಾಗಿತ್ತು.

ಸರ್ಕಾರಿ ಸೇವೆಯಲ್ಲಿದ್ದವನಾಗಿ ಇಲಾಖೆಯ ಅಧಿಕಾರವನ್ನು ನಾನು ಪ್ರಶ್ನಿಸಲಾರೆ. ವಾರ್ಷಿಕ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಅಗತ್ಯ. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವಲ್ಲ. ಕೈಗಡವೂ ಇರುತ್ತದೆ, ಮಗ ಕಳುಹಿಸಿದ ಹಣವೂ ಇರುತ್ತದೆ. ಹಾಲು, ತಾಜಾ ತರಕಾರಿಗಳಿಗಂತೂ ತೆರಿಗೆಯೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಜಿಎಸ್‌ಟಿ ಗ್ರಾಹಕ ಭರಿಸಬೇಕಾದ ತೆರಿಗೆ. ವರ್ತಕ ಅದನ್ನು ಸಂಗ್ರಹಿಸಿ ಕೊಡುವವನು ಮಾತ್ರ. ನಾಲ್ಕು ವರ್ಷಗಳ ಹಿಂದೆ ಬನ್ನು ತಿಂದುಹೋದವನನ್ನು ಇಂದು ಹುಡುಕಿ ತೆರಿಗೆ ಕೇಳಲಾದೀತೆ? ಹಳೆಯ ಬಾಕಿ ವರ್ತಕನ ಬಂಡವಾಳದಿಂದಲೇ ಹೋಗಬೇಕು. ಒಂದೂವರೆ ಕೋಟಿವರೆಗಿನ ವ್ಯಾಪಾರಿಗೆ ಶೇ 1ರ ರಾಜಿ ತೆರಿಗೆ ಪದ್ಧತಿ ಇದೆಯಾದರೂ, ಕಳೆದುಹೋದ ವರ್ಷಗಳಿಗೆ ಅದನ್ನು ಆಯ್ದುಕೊಳ್ಳುವಂತಿಲ್ಲ.

ಜುಲೈ 23ರಂದು ಮುಖ್ಯಮಂತ್ರಿಯವರು ವರ್ತಕರೊಡನೆ ಸಭೆ ನಡೆಸಿ, ನೋಂದಾಯಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಭರವಸೆಯಿತ್ತರು. 25ರ ಬಂದ್ ಕರೆ ಹಿಂದೆಗೆಯಲಾಯಿತು. ಆದರೆ ನಗದಿಗೆ ಮರಳಿದ ಅಂಗಡಿಯ ವ್ಯಾಪಾರ ಇಲಾಖೆಗೂ ಕಾಣದು, ಸಾಲ ಕೊಡುವ ಬ್ಯಾಂಕಿಗೂ ಕಾಣದು. ಎಂದೂ ಯುಪಿಐ ಇಟ್ಟುಕೊಳ್ಳದವನ ಹೆಸರು ಈ ನೋಟಿಸುಗಳ ಪಟ್ಟಿಯಲ್ಲಿರಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಅಂಗಡಿಯವರು ಬಲು ಬೇಗ ಅರ್ಥಮಾಡಿಕೊಂಡರು.

ನಾಲ್ಕು ವರ್ಷಗಳ ಲೆಕ್ಕ ತೆಗೆಯಲು ಒದಗಿದ ಮಾಹಿತಿಯಿಂದಲೇ, ವಹಿವಾಟು ಮಿತಿಯನ್ನು ಸಮೀಪಿಸಿದ ವರ್ಷವೇ ವರ್ತಕನ ಮೊಬೈಲಿಗೆ ಕನ್ನಡದಲ್ಲೊಂದು ಎಚ್ಚರಿಕೆ ಕಳುಹಿಸಬಹುದು. ಆಗ ರಾಜಿ ತೆರಿಗೆಯ ಬಾಗಿಲು ಅವನಿಗೆ ತೆರೆದೇ ಇರುತ್ತದೆ.